ಚೈನ್ ಕಟ್ಟಾದರೂ ಸರದಿ ತಪ್ಪಿಸುವಂತಿಲ್ಲ

ಸ್ಕಾಟ್‌ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ ಜನವರಿ ಎಂದರೆ ಹಗಲು ಏಳು ಗಂಟೆ, ಕತ್ತಲು ಹದಿನೇಳು ಗಂಟೆ. ಮಳೆ ಬಂದರೆ ಕೆಸರು, ಬಾರದಿದ್ದರೆ ನೆಲವೆಲ್ಲ ಮಂಜುಗಡ್ಡೆ. ಊರಿನವರೇ ಬೆಂಕಿಯ ಮುಂದಿನಿಂದ ಏಳದ ಆ ದಿನಗಳಲ್ಲಿ, ಸ್ಟ್ರಾತ್‌ಪೆಫರ್ ಪಟ್ಟಣಕ್ಕೆ ಹತ್ತಿರದ ಕಾಂಟಿನ್ ಎಂಬ ಹಳ್ಳಿಗೆ ಜನ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬಂದಿಳಿಯುತ್ತಾರೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗುವ ಓಟ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯುತ್ತದೆ. ನಡುವಿನ ಅಷ್ಟೂ ಹೊತ್ತು ಪಕ್ಕದ ಟೊರಾಕಿಲ್ಟಿ ಕಾಡಿನಲ್ಲಿ ಸುಮಾರು 11 ಕಿ.ಮೀ.ನ ಒಂದೇ ದಾರಿಯನ್ನು ಮತ್ತೆ ಮತ್ತೆ ಸುತ್ತುವುದು. ಬಂಡೆ, ಬೇರು, ಏರು, ಇಳಿಜಾರು, ಮತ್ತೆ ಅದೇ ಬಂಡೆ, ಅದೇ ಬೇರು. ಓಟದ ಹೆಸರು ‘ಸ್ಟ್ರಾತ್‌ಪಫರ್’. ಜೂನ್ ತಿಂಗಳಲ್ಲಿ ಇಟ್ಟಿದ್ದರೆ ಆ ಅಕ್ಷಾಂಶದಲ್ಲಿ ಸರಿಯಾಗಿ ರಾತ್ರಿಯೇ ಆಗುತ್ತಿರಲಿಲ್ಲ. ಬೇಕೆಂದೇ ಜನವರಿ ಆರಿಸಿಕೊಂಡವರ ತಲೆ ಸರಿಯಿತ್ತೇ ಎಂದು ಯಾರಿಗಾದರೂ ಅನ್ನಿಸೀತು.

ಬರುವವರಲ್ಲಿ ಬಹುಪಾಲು ಜನ ವೃತ್ತಿಪರ ಓಟಗಾರರಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದ ಸಾಮಾನ್ಯರು. ಶಾಲಾ ಮಕ್ಕಳ ತಂಡಗಳಿಗೂ ಅಲ್ಲಿ ಜಾಗವಿದೆ. ಬಹುಮಾನದ ಆಸೆಗೆ ಯಾರೂ ಆ ಚಳಿಯಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಯಾಕೆ ಬರುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಒಂದು ಸುತ್ತು ಮುಗಿಸಿ ಒದ್ದೆಯಾಗಿ ನಡುಗುತ್ತಾ ಬಂದವರು ಕಾರು ಹತ್ತಿ ಮನೆಗೆ ಹೋಗದೆ ಮತ್ತೆ ಯಾಕೆ ಸೈಕಲ್ ಹತ್ತುತ್ತಾರೆ? ಉತ್ತರ ಮನುಷ್ಯರ ಕೆಚ್ಚಿನಲ್ಲಿ ಇರುವುದಕ್ಕಿಂತ ಆಟದ ನಿಯಮದಲ್ಲಿ ಇದೆ ಎಂದು ನನ್ನ ಅನಿಸಿಕೆ.

ನಿಯಮ ಸರಳ. ತಂಡಕ್ಕೆ ಸಾಮಾನ್ಯವಾಗಿ ನಾಲ್ವರು. ಒಂದು ಹೊತ್ತಿಗೆ ಒಬ್ಬರೇ ದಾರಿಯಲ್ಲಿ ಇರಬೇಕು. ಅವರು ಸುತ್ತು ಮುಗಿಸಿ ಬಂದು ಸರದಿ ಬದಲಿಸುವ ಡೇರೆಯಲ್ಲಿ ರಿಲೇ ಕೋಲನ್ನೋ ಚಿಪ್ಪನ್ನೋ ಒಪ್ಪಿಸಿದ ಮೇಲೆಯೇ ಮುಂದಿನವರು ಹೊರಡಬೇಕು. ಗಡುವಿನೊಳಗೆ ಹೆಚ್ಚು ಸುತ್ತು ಹಾಕಿದ ತಂಡ ಗೆದ್ದಂತೆ. ಸುತ್ತು ಸಮವಾದರೆ ಕೊನೆಯದನ್ನು ಮೊದಲು ಮುಗಿಸಿದವರು ಮುಂದೆ. ಸೈಕಲ್ ಕೆಟ್ಟರೆ ತಳ್ಳಿಕೊಂಡೋ ಹೊತ್ತುಕೊಂಡೋ ಬರಬಹುದು, ಬಿಟ್ಟು ಬರುವಂತಿಲ್ಲ. ಅರ್ಧಕ್ಕೆ ನಿಂತ ಸುತ್ತು ಬಹುತೇಕ ಕಡೆ ಲೆಕ್ಕಕ್ಕೇ ಇಲ್ಲ. ತಂಡದ ಇನ್ನೊಬ್ಬರು ಅದನ್ನು ಮೊದಲಿನಿಂದ ಹಾಕಬೇಕು. ನಿಮ್ಮ ಚೈನ್ ಕಟ್ಟಾದರೆ ನಷ್ಟ ನಿಮ್ಮದೊಬ್ಬರದೇ ಅಲ್ಲ. ನೀವು ಕಾಡಿನ ಆ ತುದಿಯಲ್ಲಿ ಕುಳಿತುಬಿಟ್ಟರೆ ಈ ತುದಿಯಲ್ಲಿ ಒಬ್ಬರು ಬಿಗಿಯಾದ ಸೈಕಲ್ ಅಂಗಿ ತೊಟ್ಟು, ಚಳಿಯಲ್ಲಿ ಕಾಲು ಬದಲಿಸುತ್ತಾ, ಬರುವ ಪ್ರತಿ ದೀಪವನ್ನೂ ನಿಮ್ಮದಿರಬಹುದು ಎಂದು ನೋಡುತ್ತಾ ನಿಂತಿರುತ್ತಾರೆ. ಈ ಓಟದ ಪ್ರಾಣ ಇರುವುದು ಇಲ್ಲೇ.

ಮೌಂಟನ್ ಬೈಕಿಗೂ ಕೆಟ್ಟುಹೋಗುವುದಕ್ಕೂ ನಂಟು ಹುಟ್ಟಿನಿಂದ ಬಂದದ್ದು. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಒಂದು ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಕಟ್ಟಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕಿನ ಕಾಲ ಅದು. ಕೆಳಗೆ ಮುಟ್ಟುವ ಹೊತ್ತಿಗೆ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿರುತ್ತಿತ್ತು. ಪ್ರತಿ ಇಳಿತದ ನಂತರ ಬಿಚ್ಚಿ ಹೊಸದಾಗಿ ತುಂಬಬೇಕು. ಆ ಓಟಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಇಪ್ಪತ್ತು ವರ್ಷದೊಳಗೆ, 1996ರ ಅಟ್ಲಾಂಟಾ ಕೂಟದಲ್ಲಿ, ಮೌಂಟನ್ ಬೈಕ್ ಒಲಿಂಪಿಕ್ಸ್ ಸೇರಿತು.

ಇಡೀ ದಿನದ ರಿಲೇ ಹುಟ್ಟಿದ್ದು ಈ ಎರಡರ ನಡುವೆ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಲೇರ್ಡ್ ನೈಟ್ ಎಂಬುವರು ‘24 ಅವರ್ಸ್ ಆಫ್ ಕೇನನ್’ ಎಂಬ ಸ್ಪರ್ಧೆ ಶುರುಮಾಡಿದರು. ಫ್ರಾನ್ಸಿನಲ್ಲಿ 1923ರಿಂದ ನಡೆಯುತ್ತಿರುವ ಲ ಮಾನ್ ಕಾರು ಓಟವೇ ಅದಕ್ಕೆ ಮಾದರಿ. ಅಲ್ಲಿ ಚಾಲಕರು ಓಡಿಬಂದು ಕಾರು ಹತ್ತುವ ಪದ್ಧತಿಯಿತ್ತಲ್ಲ, ಇಲ್ಲಿ ಸವಾರರು ಓಡಿಬಂದು ಸೈಕಲ್ ಹತ್ತುವುದಾಯಿತು. ಕಿರಿದಾದ ಕಾಡುದಾರಿಗೆ ಎಲ್ಲರೂ ಒಟ್ಟಿಗೆ ನುಗ್ಗಿ ಕಟ್ಟಿಕೊಳ್ಳದಂತೆ ಗುಂಪನ್ನು ಮೊದಲೇ ಚದುರಿಸುವ ಉಪಾಯವೂ ಹೌದು. ಅಂದಹಾಗೆ, ಮೂಲದ ಲ ಮಾನ್‌ನಲ್ಲಿ 1969ರ ವರ್ಷ ಜಾಕಿ ಇಕ್ಸ್ ಎಂಬ ಚಾಲಕ, ಈ ಧಾವಂತದಲ್ಲಿ ಯಾರೂ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿಲ್ಲ ಎಂದು ಪ್ರತಿಭಟಿಸಿ, ಎಲ್ಲರೂ ಓಡಿದಾಗ ತಾನು ನಿಧಾನಕ್ಕೆ ನಡೆದುಹೋಗಿ ಕಾರು ಹತ್ತಿದ. ಕಟ್ಟಕಡೆಯವನಾಗಿ ಹೊರಟವನು ಮರುದಿನ ಗೆದ್ದ. ಮುಂದಿನ ವರ್ಷದಿಂದ ಅಲ್ಲಿ ಓಟದ ಪದ್ಧತಿ ನಿಂತಿತು. ಮೊದಲ ಸುತ್ತಿನಲ್ಲೇ ಉಸಿರು ಕಳೆದುಕೊಳ್ಳುವ ಹವ್ಯಾಸಿಗಳಿಗೆ ಈ ಕತೆಯನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಿತ್ತು.

ಕೇನನ್ ಓಟದ ಇನ್ನೊಂದು ಪ್ರಸಂಗವನ್ನು ಸೈಕಲ್ ವಲಯದಲ್ಲಿ ಈಗಲೂ ನೆನೆಯುತ್ತಾರೆ. 1996ರಲ್ಲಿ ಜಾನ್ ಸ್ಟ್ಯಾಮ್‌ಸ್ಟಡ್ ಎಂಬ ಸವಾರ ನಾಲ್ವರ ತಂಡದ ಅರ್ಜಿಯಲ್ಲಿ ತನ್ನದೇ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ಕೊಟ್ಟ. ನಾಲ್ವರ ಸರದಿಯನ್ನೂ ಒಬ್ಬನೇ ತುಳಿದ. ನಿಜವಾದ ನಾಲ್ವರಿದ್ದ ಎಷ್ಟೋ ತಂಡಗಳು ಅವನ ಹಿಂದೆ ಉಳಿದವು. ಆಮೇಲೆ ಒಬ್ಬಂಟಿ ಸವಾರರಿಗೆ ಬೇರೆ ವಿಭಾಗವೇ ಬಂತು. ಈಗ ಫೋಟೊ, ಹೆಸರು, ಪ್ರಾಯೋಜಕರು ಎಲ್ಲ ಒಬ್ಬಂಟಿಗಳ ಪಾಲು. ಸ್ಟ್ಯಾಮ್‌ಸ್ಟಡ್ ಅಸಾಮಾನ್ಯ, ಅನುಮಾನವಿಲ್ಲ. ಆದರೂ ಹೇಳುತ್ತೇನೆ: ಅಂಥವರು ಯಾವ ನಿಯಮವಿದ್ದರೂ ತುಳಿಯುತ್ತಾರೆ. ಸಾಮಾನ್ಯನೊಬ್ಬ ರಾತ್ರಿ ಮೂರಕ್ಕೆ ಎದ್ದು ಒದ್ದೆ ಬೂಟಿಗೆ ಕಾಲು ತೂರಿಸುವಂತೆ ಮಾಡಿದ್ದು ಲೇರ್ಡ್ ನೈಟ್ ಅವರ ನಾಲ್ವರ ಸರದಿ.

ಈಗ ಕೆಡುವ ವಿಷಯಕ್ಕೆ ಬರೋಣ. ಮೊದಲನೆಯದು ಪಂಕ್ಚರ್. ಇಂದು ಬಹುತೇಕರು ಟ್ಯೂಬ್ ಇಲ್ಲದ ಟೈರು ಬಳಸುತ್ತಾರೆ. ಒಳಗೆ ಲ್ಯಾಟೆಕ್ಸ್ ಬೆರೆಸಿದ ದ್ರವ ಇರುತ್ತದೆ. ಮುಳ್ಳು ಚುಚ್ಚಿದ ಕಡೆ ಗಾಳಿಯ ಜತೆ ಹೊರಗೆ ನುಗ್ಗುವ ಆ ಹಾಲು ತೂತಿನ ಬಾಯಲ್ಲೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟದವರಿಗೆ ಈ ಗುಣವನ್ನು ವಿವರಿಸಬೇಕಿಲ್ಲ. ಆದರೆ ಚೂಪುಗಲ್ಲಿಗೆ ಟೈರಿನ ಪಕ್ಕೆಯೇ ಸೀಳಿದರೆ ಹಾಲು ಏನೂ ಮಾಡದು. ಆಗ ಒಳಗಿನಿಂದ ಏನನ್ನಾದರೂ ಒತ್ತು ಕೊಟ್ಟು ಟ್ಯೂಬ್ ಹಾಕಬೇಕು. ಅಮೆರಿಕದವರು ಮಡಿಸಿದ ಡಾಲರ್ ನೋಟನ್ನೇ ಇಡುತ್ತಾರೆ, ಕೆಲವರು ಶಕ್ತಿಪಾಕದ (ಎನರ್ಜಿ ಜೆಲ್) ಖಾಲಿ ಪೊಟ್ಟಣವನ್ನು. ಸುತ್ತು ಮುಗಿಯುವವರೆಗೆ ತಡೆದರೆ ಸಾಕು.

ಬೆರಳು ಮರಗಟ್ಟಿದಾಗ ಈ ಕೆಲಸ ಎಷ್ಟು ಕಷ್ಟ ಎಂಬುದು ಹೊರಗಿನವರಿಗೆ ಅಂದಾಜಾಗದು. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿರುತ್ತದೆ, ಕೈಗವಸು ತೆಗೆದರೆ ಚಳಿ, ಹಾಕಿದರೆ ವಾಲ್ವ್ ತಿರುಪು ಸಿಗುವುದಿಲ್ಲ. ಸೀಳಿದ ಟೈರಿನೊಳಗೆ ಆ ಹಾಲು, ಕೆಸರು ಕಲಸಿ ಕೈಯೆಲ್ಲ ಅಂಟು. ಮುಳ್ಳು ಇನ್ನೂ ಟೈರಿನಲ್ಲೇ ಇದೆಯೋ ಎಂದು ಬೆರಳಾಡಿಸಿ ನೋಡಬೇಕು. ನೋಡದೆ ಹೊಸ ಟ್ಯೂಬ್ ಹಾಕಿದವರು ನೂರು ಗಜ ಹೋಗಿ ಮತ್ತೆ ಕುಳಿತುಕೊಳ್ಳುತ್ತಾರೆ. ಆ ಹೊತ್ತಿಗೆ ಪಕ್ಕದಲ್ಲಿ ಹಾದುಹೋಗುವ ಪ್ರತಿಯೊಬ್ಬರೂ “ಎಲ್ಲ ಸರಿಯಿದೆಯಾ?” ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಮುಂಚೂಣಿಯಲ್ಲಿ ಇರುವವರೂ ಕೇಳುತ್ತಾರೆ. ಇದು ಬರೆದಿಟ್ಟ ನಿಯಮಕ್ಕಿಂತ ಗಟ್ಟಿಯಾದ ವಾಡಿಕೆ.

ಕೆಸರಿನ ಓಟದಲ್ಲಿ ಬ್ರೇಕ್ ಪ್ಯಾಡುಗಳ ಕತೆಯೇ ಬೇರೆ. ಡಿಸ್ಕಿಗೂ ಪ್ಯಾಡಿಗೂ ನಡುವೆ ಮರಳು ಸೇರಿತೆಂದರೆ ಉಪ್ಪುಕಾಗದ ಉಜ್ಜಿದ ಹಾಗೆ. ರೆಸಿನ್ ಪ್ಯಾಡುಗಳು ಒಂದೇ ರಾತ್ರಿಯಲ್ಲಿ ತಗಡು ಕಾಣುವಷ್ಟು ಸವೆಯುವುದುಂಟು. ಅದಕ್ಕೇ ಅನುಭವಿಗಳು ಲೋಹದ ಪುಡಿಯ ಪ್ಯಾಡು ಹಾಕಿ, ಇನ್ನೊಂದು ಜೊತೆಯನ್ನು ಜೇಬಿನಲ್ಲೂ ಇಟ್ಟುಕೊಳ್ಳುತ್ತಾರೆ. ಹಿಂದಿನ ಗೇರು ಬದಲಿಸುವ ಡಿರೇಲರ್ ನೇತಾಡುವುದು ಒಂದು ಸಣ್ಣ ಅಲ್ಯುಮಿನಿಯಂ ಕೊಂಡಿಯಿಂದ. ಕಲ್ಲಿಗೋ ಕೊಂಬೆಗೋ ಬಡಿದಾಗ ಫ್ರೇಮ್ ಉಳಿಯಲಿ, ತಾನು ಮುರಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಎಷ್ಟೋ ಫ್ರೇಮುಗಳಲ್ಲಿ ಅದರ ಆಕಾರ ಬೇರೆ ಬೇರೆ. ಪಕ್ಕದ ಡೇರೆಯವರದು ನಿಮಗೆ ಹೊಂದದೇ ಹೋಗಬಹುದು. ಬದಲಿ ಕೊಂಡಿಯಿಲ್ಲದೆ ಮುರಿದರೆ ಒಂದೇ ದಾರಿ: ಡಿರೇಲರ್ ಬಿಚ್ಚಿ ಜೇಬಿಗೆ ಹಾಕಿ, ಚೈನನ್ನು ಕತ್ತರಿಸಿ ಗಿಡ್ಡ ಮಾಡಿ, ಒಂದೇ ಗೇರಿಗೆ ಬಿಗಿದು ಕ್ವಿಕ್ ಲಿಂಕಿನಿಂದ ಕೂಡಿಸಿ ಹೊರಡುವುದು. ಏರಿನಲ್ಲಿ ಇಳಿದು ತಳ್ಳಬೇಕು, ಸಮತಟ್ಟಿನಲ್ಲಿ ಕಾಲು ಗಿರಗಿರ ತಿರುಗಬೇಕು. ಆದರೂ ಸುತ್ತು ಮುಗಿಯುತ್ತದೆ.

ಅರಿಜೋನಾದ ಮರುಭೂಮಿಗೆ ಹೋದರೆ ಕಷ್ಟ ಬೇರೆ ವೇಷ ಹಾಕುತ್ತದೆ. ಟೂಸಾನ್ ನಗರದ ಉತ್ತರಕ್ಕೆ ಪ್ರತಿ ಫೆಬ್ರುವರಿಯಲ್ಲಿ ನಡೆಯುವ ‘24 ಅವರ್ಸ್ ಇನ್ ದಿ ಓಲ್ಡ್ ಪ್ವೆಬ್ಲೊ’ದಲ್ಲಿ ಕೆಸರಿನ ಕಾಟ ಕಡಿಮೆ, ಕಳ್ಳಿಯ ಕಾಟ ಹೆಚ್ಚು. ಅಲ್ಲಿನ ಚೋಯಾ ಕಳ್ಳಿ ತಾಗಿದ ಮಾತ್ರಕ್ಕೆ ಗಂಟು ಕಳಚಿಕೊಂಡು ಮೈಗೆ ಹತ್ತುತ್ತದೆ. ಮುಳ್ಳಿಗೆ ಹಿಮ್ಮುಖ ಕೊಕ್ಕೆಗಳಿರುವುದರಿಂದ ಕೈಯಲ್ಲಿ ಕೀಳಹೋದರೆ ಕೈಗೇ ಅಂಟುತ್ತದೆ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ಗಂಟಿಗೂ ನಡುವೆ ತೂರಿಸಿ ಒಂದೇ ಏಟಿಗೆ ಚಿಮ್ಮಿಸಬೇಕು. ಹಾಗಾಗಿ ಅಲ್ಲಿನ ಸವಾರರ ಸಾಮಾನಿನಲ್ಲಿ ಪಂಪ್, ಅಲೆನ್ ಕೀ ಜತೆಗೆ ತಲೆ ಬಾಚುವ ಬಾಚಣಿಗೆ. ಬೋಳುತಲೆಯವರೂ ಒಯ್ಯುತ್ತಾರೆ.

ರಾತ್ರಿಯ ದೀಪಕ್ಕೊಂದು ಲೆಕ್ಕಾಚಾರವಿದೆ. ಹ್ಯಾಂಡಲ್ ಮೇಲೊಂದು, ಹೆಲ್ಮೆಟ್ ಮೇಲೊಂದು, ಎರಡೂ ಬೇಕು. ಹೆಲ್ಮೆಟ್ಟಿನ ದೀಪ ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಅದು ಬೀಳಿಸುವ ನೆರಳು ನಮಗೆ ಕಾಣುವುದೇ ಇಲ್ಲ. ಹಳ್ಳ ದಿಣ್ಣೆ ಎಲ್ಲ ಚಪ್ಪಟೆಯಾಗಿ ತೋರುತ್ತದೆ. ಹ್ಯಾಂಡಲ್ಲಿನ ದೀಪ ತಗ್ಗಿನಿಂದ ಬರುವುದರಿಂದ ಪ್ರತಿ ಕಲ್ಲಿನ ಹಿಂದೆ ನೆರಳು ಬಿದ್ದು ಆಳ ತಿಳಿಯುತ್ತದೆ. ಆದರೆ ತಿರುವಿನಲ್ಲಿ ಹ್ಯಾಂಡಲ್ ನೋಡುವ ದಿಕ್ಕೇ ಬೇರೆ, ನಾವು ನೋಡಬೇಕಾದ ದಿಕ್ಕೇ ಬೇರೆ. ಅಲ್ಲಿ ತಲೆಯ ದೀಪವೇ ಗತಿ. ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ, ಮನೆಯಲ್ಲಿ ಮೂರು ಗಂಟೆ ಉರಿದದ್ದು ಕಾಡಿನಲ್ಲಿ ಅಷ್ಟು ಉರಿಯುವುದಿಲ್ಲ. ಹ್ಯಾಲೊಜನ್ ಬಲ್ಬು, ಭಾರದ ಬ್ಯಾಟರಿಗಳ ಕಾಲದಲ್ಲಿ ದೀಪ ಆರಿದವರು ಹಿಂದಿನಿಂದ ಬಂದವರ ಬೆಳಕು ಹಿಡಿದು ಸುತ್ತು ಮುಗಿಸುತ್ತಿದ್ದರು. ಎಲ್‌ಇಡಿ, ಲಿಥಿಯಂ ಬ್ಯಾಟರಿ ಬಂದ ಮೇಲೆ ಆ ಪಾಡು ಕಡಿಮೆಯಾಗಿದೆ, ತಪ್ಪಿಲ್ಲ.

ಯಂತ್ರಕ್ಕಿಂತ ಮೊದಲು ಕೆಡುವುದು ನಿದ್ದೆ. ತಂಡಗಳು ತಲೆ ಕೆಡಿಸಿಕೊಳ್ಳುವ ಲೆಕ್ಕ ಇಲ್ಲಿದೆ. ಸುತ್ತಿಗೆ ಒಂದು ಗಂಟೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ಸುತ್ತು ಹಾಕಿದರೆ ನಡುವೆ ಮೂರು ಗಂಟೆ ಬಿಡುವು. ಅದರಲ್ಲಿ ಒದ್ದೆ ಬಟ್ಟೆ ಬಿಚ್ಚಿ ಒರೆಸಿಕೊಂಡು, ಸೈಕಲ್ ತೊಳೆದು ಚೈನಿಗೆ ಎಣ್ಣೆ ಬಿಟ್ಟು, ಏನಾದರೂ ತಿನ್ನುವಷ್ಟರಲ್ಲಿ ಮುಕ್ಕಾಲು ಗಂಟೆ. ಸರದಿಗೆ ಮುಂಚೆ ಎದ್ದು ಬಟ್ಟೆ ತೊಟ್ಟು ಡೇರೆ ಸೇರಲು ಇನ್ನು ಮುಕ್ಕಾಲು ಗಂಟೆ. ಕಣ್ಣು ಮುಚ್ಚಲು ಉಳಿದದ್ದು ಒಂದೂವರೆ ಗಂಟೆ, ಅದೂ ನಿದ್ದೆ ಬಂದರೆ. ರಾತ್ರಿ ಮಾತ್ರ ಒಬ್ಬರೇ ಎರಡು ಸುತ್ತು ಸೇರಿಸಿ ಹಾಕಿದರೆ ಬಿಡುವು ಆರು ಗಂಟೆಯಾಗುತ್ತದೆ, ನಾಲ್ಕು ಗಂಟೆಯ ಮೇಲೆ ನಿದ್ದೆ ಸಿಗುತ್ತದೆ. ಆದರೆ ಎರಡನೇ ಸುತ್ತು ನಿಧಾನವಾಗುತ್ತದೆ. ಗೆಲ್ಲಲೇಬೇಕೆಂಬ ತಂಡಗಳು ಒಂದೊಂದೇ ಸುತ್ತಿಗೆ ಅಂಟಿಕೊಳ್ಳುತ್ತವೆ. ಹವ್ಯಾಸಿಗಳಿಗೆ ನನ್ನ ಮತ ಎರಡರ ಕಡೆಗೆ. ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಮೈಯ ಒಳಬಿಸಿ ದಿನದಲ್ಲೇ ಅತಿ ಕಡಿಮೆಯಿರುತ್ತದೆ. ನಿದ್ದೆಗೆಟ್ಟವರು ಬೀಳುವುದು, ದಾರಿ ತಪ್ಪುವುದು, ಸುಮ್ಮಸುಮ್ಮನೆ ಸಿಡುಕುವುದು ಎಲ್ಲ ಆಗಲೇ.

ಊಟವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಗೆ ಮುಗಿಯುತ್ತದೆ. ಅದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು ಎನ್ನುತ್ತಾರೆ ಕ್ರೀಡಾ ಆಹಾರ ತಜ್ಞರು. ಹಗಲಿಡೀ ಸಿಹಿಪಾಕ ನುಂಗಿದವರಿಗೆ ಮಧ್ಯರಾತ್ರಿ ಸಿಹಿ ಕಂಡರೆ ವಾಕರಿಕೆ. ಆಗ ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆಗೆ ಬೆಲೆ ಬರುತ್ತದೆ. ನಮ್ಮವರಾಗಿದ್ದರೆ ಮೊಸರನ್ನದ ಡಬ್ಬಿ ತೆರೆಯುತ್ತಿದ್ದರು.

ಎಲ್ಲ ಅಡ್ಡಿಯನ್ನೂ ಮೀರಿ ತುಳಿಯುವುದು ವೀರತನವಲ್ಲ ಎಂದೂ ಹೇಳಿಬಿಡಬೇಕು. ತಲೆಗೆ ಪೆಟ್ಟುಬಿದ್ದು ಮಂಕು ಕವಿದವರು, ವಾಂತಿ ಬರುವವರು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವವರು ಅಲ್ಲಿಗೆ ನಿಲ್ಲಿಸಬೇಕು. ಅದೇ ದಿನ ಎರಡನೇ ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ. ಚಳಿಯಲ್ಲಿ ನಡುಗುವವರ ಬಗ್ಗೆ ಅಷ್ಟು ಭಯ ಬೇಡ. ನಡುಕ ನಿಂತು, ಮಾತು ತೊದಲಿ, ಜಿಪ್ ಎಳೆದುಕೊಳ್ಳಲೂ ಆಗದವರ ಬಗ್ಗೆ ಭಯಪಡಿ. ಇಂಥ ಹೊತ್ತಿನಲ್ಲಿ ನಾನು ಹೋಗಬಲ್ಲೆ ಎನ್ನುವ ಸವಾರನ ಮಾತನ್ನು ನಂಬಬಾರದು. ಉಳಿದವರು ತೀರ್ಮಾನಿಸಬೇಕು. ನಾಲ್ವರು ಮೂವರಾದರೆ ಸರದಿ ಹಿಗ್ಗುತ್ತದೆ, ಅಷ್ಟೆ.

ಹಿಂದೆ ಉಳಿದವನೂ ಯಾಕೆ ಬಿಡುವುದಿಲ್ಲ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ವಿವರಣೆ ಇದೆ. 1920ರ ದಶಕದಲ್ಲಿ ಜರ್ಮನಿಯ ಆಟೊ ಕೋಲರ್ ಬರ್ಲಿನ್ನಿನ ದೋಣಿ ಸ್ಪರ್ಧಿಗಳಿಂದ ಭಾರ ಎತ್ತಿಸಿ ನೋಡಿದ. ಒಬ್ಬೊಬ್ಬರೇ ಎತ್ತುವಾಗ ಎಷ್ಟು ಹೊತ್ತು ತಡೆಯುತ್ತಾರೆ, ಜೊತೆಗೂಡಿ ಎತ್ತುವಾಗ ಎಷ್ಟು. ಜೊತೆಯಲ್ಲಿ ಒಬ್ಬ ಕೈಬಿಟ್ಟರೆ ಆಟ ಮುಗಿಯಿತು. ಆಗ ದುರ್ಬಲನಾದವನು ಒಬ್ಬನೇ ಇದ್ದಾಗಿನಕ್ಕಿಂತ ಹೆಚ್ಚು ಹೊತ್ತು ತಡೆದ. ಜೊತೆಗಾರರ ಬಲದಲ್ಲಿ ವ್ಯತ್ಯಾಸ ತೀರಾ ಹೆಚ್ಚೂ ಅಲ್ಲದೆ ತೀರಾ ಕಡಿಮೆಯೂ ಅಲ್ಲದೆ ಇದ್ದಾಗ ಈ ಪರಿಣಾಮ ಜೋರಾಗಿತ್ತು. ಅರ್ಧ ಸುತ್ತಿಗೆ ಬೆಲೆಯಿಲ್ಲದ ರಿಲೇಯಲ್ಲೂ ನಡೆಯುವುದು ಇದೇ. ತಂಡ ಕಟ್ಟುವವರು ಇದರಿಂದ ಕಲಿಯುವುದಿದೆ: ಮೂವರು ಹುಲಿಗಳ ನಡುವೆ ಒಬ್ಬ ಹೊಸಬನನ್ನು ಹಾಕಿದರೆ ಅವನು ನಾಚಿಕೆಯಿಂದ ಕುಗ್ಗುತ್ತಾನೆ. ಸ್ವಲ್ಪ ಮೇಲುಕೆಳಗಿನ ನಾಲ್ವರಾದರೆ ಎಲ್ಲರೂ ಏಳುತ್ತಾರೆ.

ಕೊನೆಯ ಗಂಟೆಯಲ್ಲಿ ತಮಾಷೆಯೂ ಇದೆ. ಗಡುವಿಗೆ ಎರಡು ನಿಮಿಷ ಮುಂಚೆ ಬಂದು ಗೆರೆ ದಾಟಿದರೆ ತಂಡ ಇನ್ನೊಂದು ಸುತ್ತಿಗೆ ಹೊರಡಬೇಕಾದೀತು. ಗಡುವಿಗೆ ಮುಂಚೆ ಹೊರಟ ಸುತ್ತು ತಡವಾಗಿ ಮುಗಿದರೂ ಲೆಕ್ಕಕ್ಕೆ ಬರುವ ಕಡೆ, ದಾಟಿದ್ದು ಗಡುವಿನ ನಂತರವಾದರೆ ಅಲ್ಲಿಗೇ ಮುಗಿಯಿತು. ಹೀಗಾಗಿ ಕೆಲವು ಓಟಗಳಲ್ಲಿ ಇಡೀ ರಾತ್ರಿ ಒಂದೊಂದು ಸೆಕೆಂಡಿಗೆ ಬಡಿದಾಡಿದವರು ಗೆರೆಯ ಹಿಂದೆ ಸೈಕಲ್ಲಿನಿಂದ ಇಳಿದು, ಗಡಿಯಾರ ನೋಡುತ್ತಾ ಹರಟೆ ಹೊಡೆಯುತ್ತಾ ನಿಂತಿರುತ್ತಾರೆ.

ನಮ್ಮಲ್ಲಿ ಇದಕ್ಕೆ ನೆಲ ಹದವಾಗಿದೆ. ವಿಜಯಪುರ, ಬಾಗಲಕೋಟೆ ಸೀಮೆ ದಶಕಗಳಿಂದ ರಸ್ತೆ ಮತ್ತು ಟ್ರ್ಯಾಕ್ ಸೈಕಲ್ ಓಟಗಾರರನ್ನು ಕೊಡುತ್ತಾ ಬಂದಿದೆ. ಗದಗದಲ್ಲಿ ರಾಷ್ಟ್ರೀಯ ಮಟ್ಟದ ಮೌಂಟನ್ ಬೈಕ್ ಸ್ಪರ್ಧೆಯೂ ನಡೆದಿದೆ. ಬೆಂಗಳೂರಿನ ಸವಾರರಿಗೆ ಯಲಹಂಕದ ಬಳಿಯ ಅವಲಹಳ್ಳಿ, ಕನಕಪುರ ರಸ್ತೆ ಕಡೆಯ ತುರಹಳ್ಳಿ ಪರಿಚಿತ ಜಾಗಗಳು. ಒಂದೇ ಏಟಿಗೆ 200ರಿಂದ 600 ಕಿ.ಮೀ. ತುಳಿಯುವ ಬ್ರೆವೆ ಸವಾರಿಗಳು ರಾತ್ರಿ ಸೈಕಲ್ ಹೊಡೆಯುವ ಹವ್ಯಾಸಿಗಳ ದೊಡ್ಡ ಬಳಗವನ್ನೇ ಬೆಳೆಸಿವೆ. ಅವರೆಲ್ಲ ತಮ್ಮಷ್ಟಕ್ಕೆ ತಾವು ತುಳಿಯುವವರು. ಸರದಿಯ ರುಚಿ ಅವರಿಗೆ ತೋರಿಸಿದರೆ ಬಿಡುವುದಿಲ್ಲ.

ಸ್ಕಾಟ್‌ಲೆಂಡಿನಂತೆ ಕಾಡಿನೊಳಗೆ ರಾತ್ರಿ ಕಳೆಯುವುದು ಇಲ್ಲಿ ಆಗದ ಮಾತು. ಮೀಸಲು ಅರಣ್ಯಕ್ಕೆ ರಾತ್ರಿ ಪ್ರವೇಶವಿಲ್ಲ, ಇರಲೂ ಬಾರದು. ಆನೆ ಚಿರತೆಗಳಿಗೂ ಅವುಗಳ ಸರದಿ ಇದೆ. ಕಾಫಿ ತೋಟದ ಮಣ್ಣುದಾರಿ, ವಿಶ್ವವಿದ್ಯಾಲಯದ ವಿಶಾಲ ಆವರಣ, ಬಯಲುಸೀಮೆಯ ಕುರುಚಲು ಗುಡ್ಡ, ಮಾಲೀಕರ ಒಪ್ಪಿಗೆಯಿದ್ದರೆ ಯಾವುದಾದರೂ ಆದೀತು. ಐದಾರು ಕಿಲೊಮೀಟರಿನ ಒಂದು ಸುತ್ತು, ಒಂದು ಶಾಮಿಯಾನ, ಒಂದು ಆಂಬುಲೆನ್ಸ್, ದಾರಿಯ ಕವಲುಗಳಲ್ಲಿ ಸೀಟಿ ಹಿಡಿದ ಸ್ವಯಂಸೇವಕರು ಇದ್ದರೆ ಆರು ಗಂಟೆಯ ರಿಲೇ ನಡೆಸಬಹುದು. ಮಧ್ಯಾಹ್ನ ಮೂರಕ್ಕೆ ಶುರುಮಾಡಿದರೆ ಕೊನೆಯ ಎರಡೂವರೆ ಗಂಟೆ ತಾನಾಗಿ ದೀಪದ ಓಟವಾಗುತ್ತದೆ. ಜಿಲ್ಲಾ ಸೈಕ್ಲಿಂಗ್ ಸಂಸ್ಥೆಗಳು, ಊರೂರಿನ ಸೈಕಲ್ ಬಳಗಗಳು ಈ ಚಳಿಗಾಲದಲ್ಲೇ ಒಂದನ್ನು ಇಟ್ಟು ನೋಡಬೇಕು.

ಸೇರುವ ಮನಸ್ಸಿದ್ದವರು ದುಬಾರಿ ಸೈಕಲ್ ಕೊಳ್ಳುವ ಮೊದಲು ಅಂಗಳದ ದೀಪ ಆರಿಸಿ, ತಲೆಗೊಂದು ಟಾರ್ಚ್ ಕಟ್ಟಿಕೊಂಡು, ಇರುವ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸಿ ನೋಡಿ. ಚೈನನ್ನು ಒಮ್ಮೆ ಬಿಚ್ಚಿ ಕೂಡಿಸಿ. ಈ ಕೆಲಸ ತಂಡದಲ್ಲಿ ಒಬ್ಬರಿಗೆ ಬಂದರೆ ಸಾಲದು, ನಾಲ್ವರಿಗೂ ಬರಬೇಕು.